ಹಾಲಿನ ಹೊತ್ತು

ಬಿಯಾನಾ ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿರುವ ಸದ್ದು ಕೇಳಿದೊಡನೆ ಊರಿನ ನರ್ಸು ಹೊನೊರಾತಾಳ ಕೈ ತನ್ನಷ್ಟಕ್ಕೆ ಎದೆಯ ಮೇಲಿನ ಗಡಿಯಾರಕ್ಕೆ ಹೋಯಿತು. ಬಿಳಿ ಅಂಗಿಯ ಎಡಗಡೆಗೆ ಪಿನ್ನು ಹಾಕಿ ತಲೆಕೆಳಗಾಗಿ ತೂಗುಬಿಟ್ಟ ಗಡಿಯಾರ ಅದು. ಹಾಕಿಕೊಂಡವಳಿಗೆ ಮಾತ್ರ ನೆಟ್ಟಗೆ ಕಾಣುತ್ತದೆ. ಹನ್ನೊಂದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಮಗು ಎಂಟಕ್ಕೆ ಕುಡಿದಿದೆ, ಇನ್ನು ಹನ್ನೆರಡಕ್ಕೆ. ನಡುವೆ ಅತ್ತರೆ ಅದು ಹಸಿವಿನ ಅಳುವಲ್ಲ, ಹಟದ ಅಳು. ಈ ಮಾತನ್ನು ಅವಳು ಊರಿನ ಎಷ್ಟು ತಾಯಂದಿರಿಗೆ ಹೇಳಿದ್ದಳೆಂದರೆ ಈಗ ಅದನ್ನು ಹೇಳಲು ಯೋಚಿಸುವ ಅಗತ್ಯವೇ ಇರಲಿಲ್ಲ. ಇವತ್ತು ಮನಿಲಾದಿಂದ ಮಿಸೆಸ್ ಹಾಸ್ಕೆಲ್ ಬರುವವರಿದ್ದರು, ಮಕ್ಕಳ ಆರೋಗ್ಯ ಕೇಂದ್ರಗಳಿಗೆ ಸಹಾಯ ಮಾಡುವ ಸಮಿತಿಯ ಅಮೆರಿಕನ್ ಹೆಂಗಸು. ಅವರಿಗೋಸ್ಕರ ಪುರಸಭೆಯ ಮೇಲಂತಸ್ತಿನ ಈ ಉದ್ದ ಕೋಣೆಯನ್ನು ತೊಳೆದು, ಕಿಟಕಿಗೆ ಗಾಜಿನ ಬದಲು ಕೂರಿಸಿದ ಚಿಪ್ಪಿನ ಬಿಲ್ಲೆಗಳನ್ನು ಒಂದೊಂದಾಗಿ ಒರೆಸಿ, ನೊಣದ ದೊಡ್ಡ ಚಿತ್ರವಿರುವ ಪಟವನ್ನು ಬಾಗಿಲಿಗೆ ಎದುರಾಗಿ ತೂಗುಹಾಕಿದ್ದಾಗಿತ್ತು. ಮಾದರಿ ತಾಯಿಯೆಂದು ತೋರಿಸಲು ಒಬ್ಬಳು ಬೇಕಿತ್ತು. ಹೊನೊರಾತಾ ತನ್ನ ತಂಗಿಯನ್ನೇ ಬರಹೇಳಿದ್ದಳು. ತಂಗಿಯೆಂದಲ್ಲ. ಹೇಳಿದ ಮಾತನ್ನು ಅವಳಷ್ಟು ಕೇಳಿದವಳು ಊರಲ್ಲಿ ಇನ್ನೊಬ್ಬಳಿರಲಿಲ್ಲ.

ಬಿಯಾನಾ ಕೊನೆಯ ಮೆಟ್ಟಿಲಲ್ಲಿ ನಿಂತು ಹಿಂದಕ್ಕೆ ತಿರುಗಿ, ಕೆಳಗಿನ ಬೀದಿಗೆ ಕೇಳುವಂತೆ ಕರೆದಳು: "ಸೆವೆರೋ, ಬಾ, ಹೋಗೋಣ. ಹಿಂದೆ ಉಳೀಬೇಡ." ಮಗುವಿನ ಮೈ ತಾಯಿಯ ತೋಳಿನಲ್ಲಿ ಬಂದರೂ ಜೀವ ದಾರಿಯಲ್ಲೆಲ್ಲೋ ಮರದ ನೆರಳಿಗೆ ಮನಸೋತು ನಿಂತುಬಿಡಬಹುದು, ಹೆಸರು ಹಿಡಿದು ಕರೆಯಬೇಕು ಎನ್ನುವುದು ಊರಿನ ನಂಬಿಕೆ. ಹೊನೊರಾತಾ ಗಾಬರಿಯಿಂದ ಕೋಣೆಯತ್ತ ನೋಡಿದಳು. ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಯಾರೂ ತಲೆ ಕೂಡ ಎತ್ತಿರಲಿಲ್ಲ, ಎಲ್ಲರೂ ಹಾಗೆ ಕರೆದೇ ಒಳಗೆ ಬಂದವರು. ನಾಚಿಕೆಯಾಗಿದ್ದು ತನಗೊಬ್ಬಳಿಗೇ. ನರ್ಸಿಂಗ್ ಶಾಲೆಗೆಂದು ಹೊರಟ ದಿನ ಅವ್ವ ಮೋಟಾರಿನ ಪಕ್ಕ ನಿಂತು ಹೀಗೇ ಶುರುಮಾಡಿದ್ದಳು. ಮುಂದಿನ ಸೀಟಿನಲ್ಲಿ ಶಾಲೆಯ ಅಮೆರಿಕನ್ ಮೇಷ್ಟರು ಕೂತಿದ್ದರು. "ಹೊನೊರಾತಾ," ಎಂದಷ್ಟೇ ಅಂದಿದ್ದಳು ಅವ್ವ; ಇವಳು ಹಲ್ಲು ಕಚ್ಚಿ "ಸುಮ್ನಿರವ್ವ" ಅಂದಳು. ಅವ್ವ ಸುಮ್ಮನಾದಳು. ಬಾ ಎನ್ನುವ ಮಾತು ಅವಳ ಬಾಯಲ್ಲೇ ಉಳಿಯಿತು. ಮನಿಲಾದಲ್ಲಿ ದೊಡ್ಡ ನರ್ಸು ಮಿಸ್ ಥಾರ್ನ್ ಇಷ್ಟುದ್ದದ ಹೆಸರನ್ನು ವಾರ್ಡಿನಲ್ಲಿ ಕೂಗುತ್ತ ಕೂರಲಾಗುವುದಿಲ್ಲವೆಂದು ಅದನ್ನು ನೋರಾ ಎಂದು ಮಾಡಿದರು. ನೋರಾ ಚಾದರದ ಮೂಲೆಯನ್ನು ಸರಿಯಾಗಿ ಮಡಿಸಲು ಕಲಿತಳು, ಕತ್ತರಿ ಕುದಿಸಲು ಕಲಿತಳು. ಊರಿನಿಂದ ಅವ್ವ ಕಳಿಸಿದ ಹುಳಿಬರಿಸಿದ ಮೀನಿನ ಭರಣಿಯನ್ನು ಉಳಿದ ಹುಡುಗಿಯರು ಮೂಗು ಮುಚ್ಚಿಕೊಳ್ಳುವ ಮೊದಲೇ ಹಿತ್ತಿಲಲ್ಲಿ ಸುರಿದು, ಚೆನ್ನಾಗಿತ್ತು ಎಂದು ಬರೆದಳು. ಅವ್ವ ಈಗಿಲ್ಲ. ಹೊನೊರಾತಾ ಎನ್ನುವವಳು ಆ ರಸ್ತೆಯ ಬದಿಯಲ್ಲೇ ಇನ್ನೂ ನಿಂತಿದ್ದಾಳೇನೋ ಎಂದು ಒಮ್ಮೊಮ್ಮೆ, ಕೈ ತೊಳೆಯುವಾಗ, ಅನ್ನಿಸುತ್ತಿತ್ತು.

"ಬಾ ಅಕ್ಕ, ನೋಡು," ಎಂದು ಬಿಯಾನಾ ಹೊದಿಕೆ ಸರಿಸಿದಳು. ಮಗು ಎಚ್ಚರವಾಗಿತ್ತು. ಅಳುತ್ತಿರಲಿಲ್ಲ. ಮುಷ್ಟಿಯನ್ನು ಬಾಯಿಗಿಟ್ಟುಕೊಂಡು, ಏನೋ ಲೆಕ್ಕ ಹಾಕುತ್ತಿರುವ ಮುದುಕನಂತೆ ಹಣೆ ಸುಕ್ಕುಗಟ್ಟಿಸಿ ಇವಳನ್ನು ನೋಡಿತು. ತೊಡೆಯ ಚರ್ಮ ಸಡಿಲವಾಗಿತ್ತು. ಹೊನೊರಾತಾ ಬೆರಳಲ್ಲಿ ಒತ್ತಿ ನೋಡಲಿಲ್ಲ, ಒತ್ತಿದರೆ ತಿಳಿಯುತ್ತಿತ್ತು. ಕಳೆದ ವಾರ ತೂಕ ಮಾಡುವಾಗ ಹೊದಿಕೆಯನ್ನು ತೆಗೆದಿರಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿದೆ, ಮಗುವಿಗೆ ಥಂಡಿಯಾದೀತು ಎಂದುಕೊಂಡಿದ್ದಳು. ಅದು ಏಪ್ರಿಲ್ ತಿಂಗಳು. ಗಾಳಿ ಸಮುದ್ರದಿಂದ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ತಕ್ಕಡಿಯ ಮುಳ್ಳು ಹೊದಿಕೆಯನ್ನೂ ಸೇರಿಸಿ ತೃಪ್ತಿಕರವಾದ ಜಾಗದಲ್ಲಿ ನಿಂತಿತು, ಬಿಯಾನಾ ನಕ್ಕಳು, ಇವಳೂ ನಕ್ಕಳು. ತಪ್ಪು ತನ್ನದೆಂದು ಒಪ್ಪಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ, ತಪ್ಪಿಲ್ಲವೆಂದು ನಂಬುವ ಧೈರ್ಯವೂ ಇರಲಿಲ್ಲ.

ಯಾಕೆಂದರೆ ಸೆವೆರೋ ಬದುಕಿರುವುದೇ ಅವಳಿಂದ. ಅದನ್ನು ಊರಲ್ಲಿ ಯಾರೂ ಅಲ್ಲಗಳೆಯುವಂತಿರಲಿಲ್ಲ. ಬಿಯಾನಾಳ ಮೊದಲ ಎರಡು ಮಕ್ಕಳನ್ನು ಹಿಡಿದವಳು ಸೂಲಗಿತ್ತಿ ತೆಕ್ಲಜ್ಜಿ. ಬಿದಿರಿನ ಸೀಳಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿ ಹಚ್ಚಿದಳು. ವಾರ ತುಂಬುವಷ್ಟರಲ್ಲಿ ಎರಡೂ ದವಡೆ ಕಚ್ಚಿಕೊಂಡು, ಮೈ ಬಿಲ್ಲಿನಂತೆ ಸೆಟೆದು ಹೋದವು. ತೆಕ್ಲಜ್ಜಿ ಅತ್ತಳು, ಗಾಳಿ ಸೋಕಿತು ಅಂದಳು. ಅವಳ ಅಳುವಿನಲ್ಲಿ ಸುಳ್ಳಿರಲಿಲ್ಲ, ಮಕ್ಕಳು ಬದುಕಲಿಲ್ಲ ಅಷ್ಟೇ. ಮೂರನೆಯದಕ್ಕೆ ಹೊನೊರಾತಾ ಕತ್ತರಿ ಕುದಿಸಿಕೊಂಡು ಬಂದು ನಿಂತಳು, ಮುದುಕಿಯನ್ನು ಕಂಬಗಳ ಮೇಲೆ ನಿಂತ ಆ ಮನೆಯ ಏಣಿಯಿಂದ ಕೆಳಗಿಳಿಸಿದಳು. ಬಾಣಂತಿಯ ಪಕ್ಕ ಹೊತ್ತಿಸಿಟ್ಟ ಕೆಂಡವನ್ನು ಹೊರಗೆ ಹಾಕಿಸಿದಳು. ವಾರ ಕಳೆಯಿತು, ತಿಂಗಳು ಕಳೆಯಿತು, ಮಗು ದವಡೆ ಕಚ್ಚಲಿಲ್ಲ. ಮಗು ಹುಟ್ಟುವ ಮೊದಲೇ ಅಪ್ಪ ಹವಾಯಿಯ ಕಬ್ಬಿನ ತೋಟಕ್ಕೆ ಹೋಗಿದ್ದ. ಅವನಿಗೆ ಗಂಡುಮಗು ಕ್ಷೇಮವೆಂದು ಬರೆಸಿದ್ದಾಯಿತು. ಅಂದಿನಿಂದ ಬಿಯಾನಾ ಅಕ್ಕನ ಬಾಯಿಂದ ಬಂದದ್ದೆಲ್ಲವನ್ನೂ ನಂಬಿದಳು. ಕತ್ತರಿಯ ಜೊತೆಗೆ ಗಡಿಯಾರವನ್ನೂ ನಂಬಿದಳು. ಒಂದೇ ಪೆಟ್ಟಿಗೆಯಲ್ಲಿ ಬಂದ ಎರಡನ್ನು ಬೇರೆ ಮಾಡಿ ನೋಡಲು ಹೊನೊರಾತಾಳಿಗೇ ಆಗಿರಲಿಲ್ಲ, ಪಾಪ, ತಂಗಿಗೆ ಹೇಗೆ ಆದೀತು. ನಾಲ್ಕು ಗಂಟೆಗೊಮ್ಮೆ, ಒಂದು ಸಲಕ್ಕೆ ಒಂದೇ ಎದೆ. ಎರಡು ಮುಳ್ಳೂ ಎಲ್ಲೆಲ್ಲಿ ನಿಂತಾಗ ಹಾಲಿನ ಹೊತ್ತೆಂದು ಹೇಳಿಕೊಟ್ಟು, ತನ್ನ ತವರದ ಗಡಿಯಾರವನ್ನೇ ಅವಳ ಗೋಡೆಯ ಗೂಡಿನಲ್ಲಿಟ್ಟು, ದಿನಾ ಸಂಜೆ ಹೋಗಿ ತಾನೇ ಕೀ ಕೊಟ್ಟು ಬರುತ್ತಿದ್ದಳು.

ಊರಿಗೆ ಅದೊಂದು ತಮಾಷೆಯಾಗಿತ್ತು. ಬಾವಿಕಟ್ಟೆಯಲ್ಲಿ ಬಿಯಾನಾಳನ್ನು ಕಂಡರೆ, "ಏನೇ, ನಿನ್ನ ಮಗ ಕಚೇರಿಗೆ ಹೋಗ್ತಾನಂತೆ, ಹೊತ್ತಿಗೆ ಸರಿಯಾಗಿ ಊಟವಂತೆ," ಅನ್ನುತ್ತಿದ್ದರು. ತೆಕ್ಲಜ್ಜಿಯ ಮಾತು ಮಾತ್ರ ತಮಾಷೆಯದಲ್ಲ. ಅವಳು ಒಂದು ದಿನ ಚರ್ಚಿನ ಮುಂದೆ ಹೊನೊರಾತಾಳನ್ನು ಅಡ್ಡಗಟ್ಟಿ, ಬಾಯಲ್ಲಿದ್ದ ಅಡಿಕೆಯನ್ನು ಒಂದು ಬದಿಗೆ ಸರಿಸಿಕೊಂಡು ಕೇಳಿದ್ದಳು: "ನಿನ್ನ ಗಡಿಯಾರಕ್ಕೆ ಮೊಲೆ ಇದೆಯೇನೇ ಮಗಳೇ?" ಸುತ್ತ ಇದ್ದವರು ನಕ್ಕರು. ಹೊನೊರಾತಾ, ನೀನು ಎಷ್ಟು ಮಕ್ಕಳನ್ನು ಮಣ್ಣಿಗೆ ಹಾಕಿದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಮದುವೆಯಿಲ್ಲದ ತನ್ನ ಎದೆಯ ಮೇಲೆ ಗಡಿಯಾರ ಟಿಕ್ ಟಿಕ್ ಎನ್ನುವುದು ಎಲ್ಲರಿಗೂ ಕೇಳುತ್ತಿದೆಯೆನ್ನಿಸಿ ಅದನ್ನು ಕೈಯಿಂದ ಮುಚ್ಚಿಕೊಂಡಳು. ಅವತ್ತು ಸಂಜೆ ಕೀ ಕೊಡಲು ಹೋದಾಗ ಏಣಿಯ ಬುಡದಲ್ಲೇ ಮಗುವಿನ ಅಳು ಕೇಳಿಸಿತು. ಹತ್ತಲಿಲ್ಲ. ಇನ್ನೂ ಹೊತ್ತಾಗಿರಲಿಲ್ಲ, ಹತ್ತಿದರೆ ಬಿಯಾನಾ ಮುಖ ನೋಡುತ್ತಾಳೆ. ಮೇಲೆ ಬಿದಿರಿನ ನೆಲ ಕಿರುಗುಟ್ಟುತ್ತಿತ್ತು, ತಂಗಿ ಆ ತುದಿಯಿಂದ ಈ ತುದಿಗೆ ನಡೆಯುತ್ತ, "ಇನ್ನೇನು ಆಯ್ತು, ಆಯ್ತು ನನ್ನಪ್ಪ," ಎನ್ನುತ್ತಿದ್ದಳು. ನೆಲದ ಸಂದಿಯಿಂದ ಒಂದು ಹನಿ ಹೊನೊರಾತಾಳ ತೋಳಿನ ಮೇಲೆ ಬಿತ್ತು. ನೀರೆಂದುಕೊಂಡಳು. ಒರೆಸಿಕೊಂಡಾಗ ಅಂಟಂಟಾಗಿತ್ತು. ತಂಗಿಯ ರವಿಕೆ ತುಂಬಿ ಸೋರುತ್ತಿದ್ದ ಹಾಲು ಅದು. ಮಿಸ್ ಥಾರ್ನ್ ಹೇಳುತ್ತಿದ್ದರು, ನಿಮ್ಮ ಜನ ಮಕ್ಕಳನ್ನು ಮುದ್ದಿನಿಂದಲೇ ಕೊಲ್ಲುತ್ತಾರೆ, ಮಗುವಿಗೆ ಕಾಯುವುದನ್ನು ಕಲಿಸಿದರೆ ಒಂದು ದೇಶಕ್ಕೆ ಕಾಯುವುದನ್ನು ಕಲಿಸಿದ ಹಾಗೆ. ತರಗತಿಯಲ್ಲಿ ಎಲ್ಲರೂ ಅದನ್ನು ಬರೆದುಕೊಂಡಿದ್ದರು. ಹಾಲು ಸೋರುತ್ತಿದ್ದದ್ದು ಆ ದಿನಗಳಲ್ಲಿ. ಈಚೆಗೆ ಬಿಯಾನಾಳ ರವಿಕೆ ಒಣಗಿಯೇ ಇರುತ್ತಿತ್ತು.

ಹನ್ನೊಂದೂವರೆಯ ಸುಮಾರಿಗೆ ಮಿಸೆಸ್ ಹಾಸ್ಕೆಲ್ ಬಂದಾಗ ಕೋಣೆಯ ಹೆಂಗಸರೆಲ್ಲ ಎದ್ದು ನಿಂತರು. ದೊಡ್ಡ ಮೈಕಟ್ಟಿನ, ಬಿಸಿಲಿಗೆ ಮೂಗು ಸುಲಿದ, ನಗುಮುಖದ ಹೆಂಗಸು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಎಲ್ಲರಿಗೂ ಕೈ ಕೊಟ್ಟರು. ಮುದುಕಿಯೊಬ್ಬಳು, ಊರಲ್ಲಿ ಹಿರಿಯರಿಗೆ ನಮಸ್ಕರಿಸುವಂತೆ, ಆ ಕೈಯನ್ನು ತನ್ನ ಹಣೆಗೆ ಮುಟ್ಟಿಸಿಕೊಂಡುಬಿಡುತ್ತಾಳೆಂದು ಹೊನೊರಾತಾ ಹೆದರಿದಳು, ಹಾಗೇನೂ ಆಗಲಿಲ್ಲ. ನೊಣದ ಪಟ ನೋಡಿದರು, ಕುದಿಸಿಟ್ಟ ಬಟ್ಟೆ ನೋಡಿದರು, "ಎಷ್ಟು ಚೊಕ್ಕಟವಾಗಿ ಇಟ್ಟಿದೀರಿ ಮಿಸ್ ನೋರಾ," ಅಂದರು. ಹೊಗಳಿಕೆ ಕಿವಿಗೆ ಬಿದ್ದದ್ದೇ ತಡ ತನ್ನ ಬೆನ್ನು ನೆಟ್ಟಗಾದದ್ದು ಹೊನೊರಾತಾಳಿಗೆ ಗೊತ್ತಾಯಿತು, ಗೊತ್ತಾಗಿ ಕಸಿವಿಸಿಯಾಯಿತು. ಮಾದರಿ ತಾಯಿಯ ಮುಂದೆ ಬಂದು ನಿಂತಾಗ ಸೆವೆರೋ ಅಳಲು ಶುರುಮಾಡಿದ. ಗಟ್ಟಿಯಾಗಿ ಅಲ್ಲ. ಗಟ್ಟಿಯಾಗಿ ಅಳುವುದನ್ನು ಅವನು ಎಂದೋ ಬಿಟ್ಟಿದ್ದ. ಬಾಗಿಲು ತೆರೆಯುವುದಿಲ್ಲವೆಂದು ತಿಳಿದೂ ತಟ್ಟುವವರಂತೆ, ಸಣ್ಣಗೆ, ಬಿಟ್ಟು ಬಿಟ್ಟು ಅಳುತ್ತಿದ್ದ. ಬಿಯಾನಾ ಅಕ್ಕನ ಎದೆಯ ಗಡಿಯಾರದತ್ತ ನೋಡಿದಳು.

"ಪಾಪ, ಹಸಿದಿದಾನೆ ಅಲ್ವಾ?" ಎಂದರು ಮಿಸೆಸ್ ಹಾಸ್ಕೆಲ್ ಇಂಗ್ಲಿಷಿನಲ್ಲಿ.

"ಇನ್ನೂ ಹೊತ್ತಾಗಿಲ್ಲ ಮೇಡಂ. ಅವನ ಹಾಲು ಹನ್ನೆರಡಕ್ಕೆ. ನಾವಿಲ್ಲಿ ಗಡಿಯಾರ ತಪ್ಪಿಸಲ್ಲ."

ಅವರು ನಕ್ಕುಬಿಟ್ಟರು. ಅದರಲ್ಲಿ ಕೊಂಕೇನೂ ಇರಲಿಲ್ಲ, ಹಳೆಯ ಗೆಳತಿಯೊಡನೆ ನಗುವಂಥ ನಗು. "ಅಯ್ಯೋ, ಅದನ್ನ ನೀವು ನಿಜವಾಗ್ಲೂ ಹಾಗೇ ಮಾಡ್ತೀರಾ? ನನ್ನ ಮಕ್ಕಳಿಬ್ರೂ ಮನಿಲಾದಲ್ಲೇ ಹುಟ್ಟಿದ್ದು. ಹಾಲೂಡಿಸೋಕೆ ಒಬ್ಬಳು ದಾದಿ ಇದ್ದಳು, ನಿಮ್ಮ ಕಡೆಯೋಳೇ, ಇಲೋಕೋಸಿನೋಳು. ಕುಂಯ್ ಅಂದ್ರೆ ಸಾಕು ಎದೆಗೆ ಹಾಕ್ಕೊಂಡುಬಿಡೋಳು. ನಾನಂತೂ ಒಂದು ದಿನಾನೂ ಗಡಿಯಾರ ನೋಡಿದೋಳಲ್ಲ. ಈಗ ನೋಡಬೇಕು ನೀವು ಅವರನ್ನ, ಕುದುರೆಮರಿಗಳ ಹಾಗಿದಾರೆ. ಕುಡಿಸೋಕೆ ಹೇಳಿ ಇವಳಿಗೆ, ಪಾಪ."

ಹೊನೊರಾತಾಳಿಗೆ ಮೊದಲು ಏನೂ ಅನ್ನಿಸಲಿಲ್ಲ. ಮಿಸೆಸ್ ಹಾಸ್ಕೆಲ್‌ರ ಕೊರಳಿನ ಬೆವರು ಮುತ್ತಿನ ಸರದ ಕೆಳಗೆ ಇಳಿಯುವುದನ್ನು ನೋಡುತ್ತಿದ್ದಳು. ಆಮೇಲೆ ಆ ದಾದಿ ಕಣ್ಣ ಮುಂದೆ ಬಂದಳು. ಹಾಲಿದ್ದ ಮೇಲೆ ಅವಳಿಗೂ ಒಂದು ಮಗು ಇದ್ದಿರಬೇಕಲ್ಲ. ಇದೇ ತೀರದ ಯಾವುದೋ ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಬಿಟ್ಟು ಬಂದಿರಬೇಕು, ಅದು ಏನು ಕುಡಿದು ಬೆಳೆಯಿತೋ, ಬೆಳೆಯಿತೋ ಇಲ್ಲವೋ. ಈ ಹೆಂಗಸಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದಳು, ಸಿಟ್ಟು ಬರಲಿಲ್ಲ. ನಿಯಮ ಮಾಡಿದವರ ಮನೆಯಲ್ಲಿ ನಿಯಮ ಇರಲಿಲ್ಲ, ಅವರಿಗೆ ಅದು ಇದ್ದರೂ ನಡೆಯುತ್ತಿತ್ತು, ಇಲ್ಲದಿದ್ದರೂ ನಡೆಯುತ್ತಿತ್ತು. ಅದನ್ನು ದೇವರ ಮಾತಿನಂತೆ ಎದೆಗೆ ಚುಚ್ಚಿಕೊಂಡು ತಿರುಗಿದವಳು ತಾನು. ಏಣಿಯ ಬುಡದಲ್ಲಿ ನಿಂತು ಕೇಳಿಸಿಕೊಂಡ ಆ ಎಲ್ಲ ಅಳುವನ್ನು ಈಗ ಎಲ್ಲಿಡುವುದು ಎಂದು ಅವಳಿಗೆ ತೋಚಲಿಲ್ಲ. ಮಿಸೆಸ್ ಹಾಸ್ಕೆಲ್ ಅಷ್ಟರಲ್ಲಿ ಮುಂದಿನ ಬೆಂಚಿಗೆ ಹೋಗಿ ಬೇರೆ ಮಗುವಿನ ಕೆನ್ನೆ ಹಿಂಡುತ್ತಿದ್ದರು. ಮುಂದಿನ ಊರಿನಲ್ಲಿ ಊಟಕ್ಕೆ ಕಾಯುತ್ತಿದ್ದಾರೆಂದು ಹೇಳಿ, ಎಲ್ಲರಿಗೂ ಮತ್ತೊಮ್ಮೆ ಕೈ ಕೊಟ್ಟು ಇಳಿದುಹೋದರು. ಕೆಳಗೆ ಮೋಟಾರು ಗುರುಗುಟ್ಟಿ ಹೊರಟಿತು.

"ಏನಂದ್ರು ಅಕ್ಕ?" ಎಂದು ಬಿಯಾನಾ ಕೇಳಿದಳು. ಮಗು ಅವಳ ರವಿಕೆಗೆ ಮೂತಿ ಒರೆಸುತ್ತಿತ್ತು.

"ಕುಡಿಸು ಅಂದ್ರು."

"ಈಗಲೇ?"

"ಹೂಂ. ಕುಡಿಸು."

ಬಿಯಾನಾ ಅಕ್ಕನ ಮುಖವನ್ನೇ ನೋಡಿದಳು. ಗುಂಡಿಗೆ ಹೋದ ಕೈ ಅಲ್ಲೇ ನಿಂತಿತು. "ಬೇಡ ಅಕ್ಕ. ಇನ್ನೂ ಹೊತ್ತಾಗಿಲ್ಲ. ಅವರೇನು, ದೊಡ್ಡೋರು, ಕರುಣೆಗೆ ಅಂದಿರ್ತಾರೆ. ನಾನು ಕಾಯ್ತೀನಿ."

"ಬಿಯಾನಾ, ಒಂದು ದಿನಕ್ಕೆ ಏನಾಗಲ್ಲ. ಕುಡಿಸೇ."

"ನೀನೇ ಅಲ್ವಾ ಹೇಳಿದ್ದು, ಒಂದು ಸಲ ತಪ್ಪಿದ್ರೆ ಎಲ್ಲಾ ತಪ್ಪಿದ ಹಾಗೆ ಅಂತ." ಬಿಯಾನಾ ಮಗುವಿನ ಹೊದಿಕೆಯನ್ನು ಮತ್ತೆ ಬಿಗಿಮಾಡಿದಳು. "ಇಬ್ಬರನ್ನ ಕಳಕೊಂಡಿದೀನಿ. ಅವಾಗ ತೆಕ್ಲಜ್ಜಿ ಹೇಳಿದ್ದು ಕೇಳ್ದೆ, ಎದುರು ಮನೆಯೋಳು ಹೇಳಿದ್ದು ಕೇಳ್ದೆ, ಅತ್ತಾಗ ಕೊಟ್ಟೆ, ಎಲ್ಲಾ ಮಾಡ್ದೆ. ಇವನೊಬ್ಬ ಉಳ್ಕೊಂಡಿರೋದು ಇದರಿಂದ. ನನ್ನ ಕೈಯಲ್ಲಿ ತಪ್ಪು ಮಾಡಿಸಬೇಡ ಅಕ್ಕ."

ಬೆಂಚಿನ ಹೆಂಗಸರು ಮಾತು ನಿಲ್ಲಿಸಿ ಕೇಳುತ್ತಿದ್ದರು. ಹೊನೊರಾತಾ ನಿಜವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಿದರೆ, ಈ ಮೂರು ತಿಂಗಳು ಇವಳು ನಡೆದ ನಡಿಗೆ, ಸೋರಿ ನೆಲಕ್ಕೆ ಬಿದ್ದ ಹಾಲು, ಇವನ ಸಡಿಲವಾದ ತೊಡೆ, ಎಲ್ಲದಕ್ಕೂ ಒಂದು ಹೆಸರು ಬರುತ್ತದೆ, ಆ ಹೆಸರು ತನ್ನದು. ನಾಳೆಯಿಂದ ಈ ಹೆಂಗಸರು ಯಾರೂ ಬರುವುದಿಲ್ಲ, ಕತ್ತರಿಯೂ ಸುಳ್ಳೆನ್ನುತ್ತಾರೆ, ಮತ್ತೆ ಬಿದಿರಿನ ಸೀಳು, ಮತ್ತೆ ಬೂದಿ. ಇದು ನಿಜವಾದ ಭಯವೋ ತನ್ನ ಮಾನ ಉಳಿಸಿಕೊಳ್ಳುವ ನೆಪವೋ ಎಂದು ತೂಗಿ ನೋಡಲು ಅವಳಿಗೆ ಆಗಲಿಲ್ಲ. ಮಗುವಿನ ಅಳು ನಿಂತೇಹೋಗಿತ್ತು. ನಿಂತದ್ದೇ ಅವಳನ್ನು ಹೆಚ್ಚು ಹೆದರಿಸಿತು. ಅವಳು ಗೋಡೆಯ ಕಡೆ ತಿರುಗಿ, ಬಟ್ಟೆ ಮಡಿಸುವವಳಂತೆ ಬಾಗಿ, ಗಡಿಯಾರದ ತಿರುಪನ್ನು ಉಗುರಿನಿಂದ ಎತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದಳು. ಹಲ್ಲಿಲ್ಲದ ಸಣ್ಣ ಬಾಯಿ ಚೀಪುವಂತೆ ಅದು ಬೆರಳ ತುದಿಯಲ್ಲಿ ಕಿರಿಕಿರಿ ಎಂದಿತು. ಆಮೇಲೆ ಪಿನ್ನು ಬಿಚ್ಚಿ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ತಂಗಿಗೆ ತೋರಿಸಿದಳು. "ನೋಡು. ಆಯ್ತು."

ಎರಡು ಮುಳ್ಳೂ ತುದಿಯಲ್ಲಿ ಒಂದಾಗಿದ್ದವು. ಬಿಯಾನಾಳ ಮುಖ ಅರಳಿತು. "ಮಾತಾಡ್ತಾ ಮಾತಾಡ್ತಾ ಗೊತ್ತೇ ಆಗ್ಲಿಲ್ಲ," ಎನ್ನುತ್ತ ಗುಂಡಿ ಬಿಚ್ಚಿ ಮಗುವನ್ನು ಎದೆಗೆ ಹಾಕಿಕೊಂಡಳು. ಸೆವೆರೋ ಮೊದಲು ಬಾಯಿ ತೆರೆಯಲಿಲ್ಲ, ಮರೆತವನಂತೆ ಮಲಗಿದ್ದ. ಬಿಯಾನಾ ತುಟಿಗೆ ತಾಗಿಸಿದ ಮೇಲೆ ಹಿಡಿದುಕೊಂಡ. ಹೊನೊರಾತಾ ಪಕ್ಕದಲ್ಲಿ ಮಂಡಿಯೂರಿ ಕೂತು ಕಿವಿಗೊಟ್ಟಳು. ಚೀಪುವ ಸದ್ದು ಕೇಳುತ್ತಿತ್ತು. ನುಂಗುವ ಸದ್ದು ಬರಲಿಲ್ಲ. ಅವಳು ಚರ್ಚಿಗೆ ಹೋಗುವುದನ್ನು ಕಡಿಮೆ ಮಾಡಿದವಳು, ಈಗ ಯಾವ ಸಂತನನ್ನು ಕರೆಯಬೇಕೆಂದು ತಿಳಿಯದೆ, ಸತ್ತ ಅವ್ವನನ್ನು ನೆನೆದಳು. ಬಹಳ ಹೊತ್ತಿನ ಮೇಲೆ, ಒಂದು ಸಲ, ಆ ಸಣ್ಣ ಗಂಟಲು ಗುಟುಕ್ಕೆಂದಿತು. ಮತ್ತೆ ಬರೀ ಚೀಪುವುದು. ಮತ್ತೊಂದು ಗುಟುಕು.

"ನೋಡ್ದಾ ಅಕ್ಕ," ಎಂದಳು ಬಿಯಾನಾ ಮೆಲ್ಲಗೆ, ಮಗುವಿನ ಕಿವಿಯ ಹಿಂದೆ ಬೆವರು ಒರೆಸುತ್ತ. "ನೀನು ಹೇಳೋದೇ ಸರಿ. ಕಾದ್ರೆ ಚೆನ್ನಾಗಿ ಕುಡೀತಾನೆ."

ಆ ಎದೆ ಬೇಗ ಮುಗಿಯಿತು. ಮಗು ಬಾಯಿ ಬಿಟ್ಟು ಕುಸುಗುಟ್ಟಿತು. ಬಿಯಾನಾ ನಿಯಮದಂತೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಎದುರಿನ ಚರ್ಚಿನಲ್ಲಿ ನಡುಹಗಲ ಗಂಟೆ ಹೊಡೆಯತೊಡಗಿತು. ಕೋಣೆಯ ಹೆಂಗಸರೆಲ್ಲ ಎದ್ದು ಶಿಲುಬೆಯ ಗುರುತು ಮಾಡಿಕೊಂಡು ತುಟಿಯಲ್ಲಿ ಪ್ರಾರ್ಥನೆ ಹೇಳಿಕೊಂಡರು. ಈ ಗಂಟೆಯನ್ನು ಹೊನೊರಾತಾ ಮರೆತೇಬಿಟ್ಟಿದ್ದಳು. ಹುಟ್ಟಿದಾಗಿನಿಂದ ಕೇಳಿದ್ದು, ಕೇಳಿ ಕೇಳಿ ಕಿವಿಗೆ ಬೀಳದೆ ಹೋದದ್ದು. ಬಿಯಾನಾ ಎದ್ದಿರಲಿಲ್ಲ. ಗುಂಡಿಯನ್ನು ಹಿಡಿದುಕೊಂಡೇ ಗಂಟೆ ಮುಗಿಯುವ ತನಕ ಕೇಳಿಸಿಕೊಂಡಳು.

"ಹನ್ನೆರಡು ಈಗಾ ಆಗಿದ್ದು?" ಎಂದಳು.

ಗಡಿಯಾರ ಮುಂದೆ ಓಡುತ್ತಿದೆ, ರಿಪೇರಿಗೆ ಕೊಡಬೇಕು ಎಂದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕುಸುಗುಟ್ಟುತ್ತಿದ್ದ ಮಗು ಇವಳನ್ನು ನೋಡುತ್ತಿತ್ತು.

"ಹೌದು. ಈಗ ಆಗಿದ್ದು. ಆಗ ಆಗಿರ್ಲಿಲ್ಲ ಬಿಯಾನಾ, ನಾನೇ ಮುಳ್ಳು ತಿರುಗಿಸ್ದೆ." ಹೊನೊರಾತಾ ನೆಲದ ಹಲಗೆಯನ್ನು ನೋಡುತ್ತ ಹೇಳಿದಳು. "ಆ ಹೆಂಗಸು ಹೇಳಿದ್ದು ಇನ್ನೂ ಇದೆ. ಅವರ ಮಕ್ಕಳಿಗೆ ಈ ಹೊತ್ತುಗಿತ್ತು ಏನೂ ಇರ್ಲಿಲ್ವಂತೆ. ನಮ್ಮ ಕಡೆಯೋಳೇ ಒಬ್ಬಳು ಅತ್ತಾಗೆಲ್ಲ ಕುಡಿಸ್ತಿದ್ದಳಂತೆ. ಕತ್ತರಿ ಕುದಿಸಿದ್ದು ಸರಿ. ಅದರಿಂದ ಇವನು ಉಳ್ದ. ಇದು ಸರಿಯಲ್ಲ. ಹೋದ ವಾರ ಹೊದಿಕೆ ಸಮೇತ ತೂಗಿದ್ದೂ ನಾನೇ. ಇವನ ತೂಕ ಏರಿಲ್ಲ."

ಬಿಯಾನಾ ಅಳುತ್ತಾಳೆ, ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದು ಹೊನೊರಾತಾ ಕಾದಳು. ಬಿಯಾನಾ ಮಗುವಿನ ಮುಖ ನೋಡಿದಳು.

"ಹಾಗಾದ್ರೆ ಅವನು ಅಷ್ಟು ದಿನ ಅತ್ತಿದ್ದು?" ಎಂದು ಕೇಳಿದಳು.

ಉತ್ತರಕ್ಕೆ ಕಾಯಲಿಲ್ಲ. ಇನ್ನೊಂದು ಬದಿಯ ರವಿಕೆ ಸರಿಸಿ ಮಗುವನ್ನು ಆ ಎದೆಗೆ ಹಾಕಿಕೊಂಡಳು. ಹಾಲು ಮುಗಿದ ಮೇಲೂ ತೆಗೆಯಲಿಲ್ಲ, ಚೀಪುವವರೆಗೂ ಚೀಪಲು ಬಿಟ್ಟಳು. ಬೆಂಚಿನ ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನು ಎತ್ತಿಕೊಂಡು, ಹೆಸರು ಕರೆದು, ಸದ್ದಿಲ್ಲದೆ ಇಳಿದುಹೋದರು. ಅವರಲ್ಲಿ ಇಬ್ಬರು ಬಾಗಿಲಲ್ಲೇ ರವಿಕೆ ಬಿಚ್ಚಿಕೊಳ್ಳುತ್ತಿದ್ದರು. ಹೊನೊರಾತಾ ಮಂಡಿಯೂರಿದ ಕಡೆಯೇ ಇದ್ದಳು. ಅಂಗೈಯಲ್ಲಿ ಗಡಿಯಾರ ತಪ್ಪು ಹೊತ್ತನ್ನು ತೋರಿಸುತ್ತ ಓಡುತ್ತಿತ್ತು.

ಕೊನೆಗೆ ಬಿಯಾನಾ ಎದ್ದಳು. ಅಕ್ಕನನ್ನು ದಾಟಿಕೊಂಡು ಬಾಗಿಲಿಗೆ ಹೋದಳು. ಮೆಟ್ಟಿಲ ಮೇಲೆ ನಿಂತು ಕೋಣೆಯತ್ತ ತಿರುಗಿ ಕರೆದಳು: "ಸೆವೆರೋ, ಬಾ, ಹೋಗೋಣ. ಇಲ್ಲಿ ಉಳೀಬೇಡ." ದನಿ ಖಾಲಿ ಕೋಣೆಯನ್ನು ಸುತ್ತಿ ಬಂತು. ಅವ್ವ ಇದ್ದಿದ್ದರೆ ಇನ್ನೊಂದು ಹೆಸರನ್ನೂ ಸೇರಿಸಿ ಕರೆಯುತ್ತಿದ್ದಳು. ಹೊನೊರಾತಾ ಕಿವಿಗೊಟ್ಟು ಕಾದಳು. ಬಿಯಾನಾ ಕರೆಯಲಿಲ್ಲ. ಎರಡು ಮೆಟ್ಟಿಲು ಇಳಿದವಳು ಮತ್ತೆ ನಿಂತಳು.

"ಮನೇಲಿ ಆ ಗಡಿಯಾರ ಇನ್ನೂ ಹೊಡ್ಕೋತಾ ಇದೆ," ಎಂದಳು, ತಿರುಗಿ ನೋಡದೆ. "ನಿಲ್ಲಿಸೋದು ನಂಗೆ ಬರಲ್ಲ. ನೀನೇ ಬಂದು ನಿಲ್ಲಿಸು."

ಹೊನೊರಾತಾ ಎದ್ದು ಅವಳ ಹಿಂದೆ ಮೆಟ್ಟಿಲಿಳಿದಳು.